ಭಸ್ಮ ನ್ಯಾನೋ ಆದರೆ ಪರೀಕ್ಷೆಯೂ ನ್ಯಾನೋದ್ದೇ ಆಗಲಿ

"ನಮ್ಮ ಪೂರ್ವಜರಿಗೆ ನ್ಯಾನೋ ಟೆಕ್ನಾಲಜಿ ಸಾವಿರಾರು ವರ್ಷದ ಹಿಂದೆಯೇ ಗೊತ್ತಿತ್ತು" ಅನ್ನೋ ಫಾರ್ವರ್ಡ್ ನಿಮಗೂ ಬಂದಿರುತ್ತೆ. ಒಂದು ಕಡೆ ಸ್ವರ್ಣಭಸ್ಮದ ಚಿತ್ರ, ಪಕ್ಕದಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಕಪ್ಪು-ಬಿಳುಪು ಫೋಟೋ, ಕೆಳಗೆ ಪುಷ್ಯ ನಕ್ಷತ್ರದ ದಿನ ಮಕ್ಕಳಿಗೆ ಸ್ವರ್ಣಬಿಂದು ಹಾಕಿಸಿ ಅಂತ ಕರೆ. ಪೂರ್ವಜರ ವಿಷಯಕ್ಕೆ ಆಮೇಲೆ ಬರ್ತೀನಿ. ನನ್ನ ತಕರಾರು ಇರೋದು ಆ ಕೊನೇ ಸಾಲಿನ ಬಗ್ಗೆ. ಅಲ್ಲಿ ಬಾಯಿ ತೆರೆಯೋದು ಏನೂ ಅರಿಯದ ಕೂಸು.

ನ್ಯಾನೋಮೀಟರ್ ಅಂದ್ರೆ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಅದು ಗಾತ್ರದ ಅಳತೆ ಅಷ್ಟೆ, ಗುಣದ ಸರ್ಟಿಫಿಕೇಟ್ ಅಲ್ಲ. ಊದುಬತ್ತಿಯ ಹೊಗೆಯಲ್ಲೂ ನ್ಯಾನೋ ಕಣ ಇವೆ, ಲಾರಿ ಉಗುಳುವ ಹೊಗೆಯಲ್ಲೂ ಇವೆ! ಆದರೆ ಇಷ್ಟು ಸಣ್ಣದಾದಾಗ ವಸ್ತುವಿನ ಸ್ವಭಾವವೇ ಬದಲಾಗುತ್ತೆ ಅನ್ನೋದು ನಿಜ. ಹಳದಿ ಚಿನ್ನ ಕೆಂಪಾಗಿಬಿಡುತ್ತೆ. ಮನೆಯಲ್ಲೇ ಮಾಡಿಕೊಳ್ಳುವ ಪ್ರೆಗ್ನೆನ್ಸಿ ಟೆಸ್ಟಿನ ಕೆಂಪು ಗೆರೆ ಇದೆಯಲ್ಲ, ಬಹಳಷ್ಟು ಕಿಟ್‌ಗಳಲ್ಲಿ ಅದು ಚಿನ್ನದ ನ್ಯಾನೋ ಕಣಗಳದ್ದೇ. ಸ್ವಭಾವ ಬದಲಾಗುತ್ತೆ ಅಂದ ಮೇಲೆ ಒಳ್ಳೇದಕ್ಕೂ ಬದಲಾಗಬಹುದು, ಕೆಟ್ಟದ್ದಕ್ಕೂ ಬದಲಾಗಬಹುದು. ಫಾರ್ವರ್ಡ್ ಮಾಡೋರು ಮೊದಲನೇದನ್ನು ಇಟ್ಟುಕೊಂಡು ಎರಡನೇದನ್ನು ಜಾಣತನದಿಂದ ಮರೀತಾರೆ.

ಒಂದು ಉದಾಹರಣೆ. ಡಾಕ್ಸೋರುಬಿಸಿನ್ ಅನ್ನೋದು ಹಳೇ ಕ್ಯಾನ್ಸರ್ ಔಷಧಿ, ಹೃದಯಕ್ಕೆ ಪೆಟ್ಟು ಕೊಡುತ್ತೆ ಅಂತ ಅದಕ್ಕೆ ಕುಖ್ಯಾತಿ. ಅದನ್ನೇ ಸುಮಾರು 100 ನ್ಯಾನೋಮೀಟರಿನ ಕೊಬ್ಬಿನ ಗುಳ್ಳೆಗಳೊಳಗೆ ತುಂಬಿ 'ಡಾಕ್ಸಿಲ್' ಮಾಡಿದರು. 1995ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ತು. ಹೃದಯದ ಮೇಲಿನ ಪೆಟ್ಟು ಕಡಿಮೆಯಾಯ್ತು. ಸಂತೋಷ. ಆದರೆ ಅಂಗೈ, ಅಂಗಾಲು ಕೆಂಪಗಾಗಿ ಊದಿಕೊಂಡು ಚರ್ಮ ಸುಲಿಯೋ ತೊಂದರೆ ಹಳೇ ರೂಪಕ್ಕಿಂತ ಎಷ್ಟೋ ಹೆಚ್ಚಾಯ್ತು. ಔಷಧಿ ಅದೇ, ಬದಲಾಗಿದ್ದು ಹೊದಿಕೆ ಮತ್ತು ಗಾತ್ರ! ಹಾಗಾಗಿಯೇ ಗೊತ್ತಿದ್ದ ಔಷಧಿಯನ್ನೂ ರೋಗಿಗಳ ಮೇಲೆ ಹೊಸದಾಗಿ ಪರೀಕ್ಷಿಸಬೇಕಾಯ್ತು. "ಮೊದಲೇ ಬಳಕೆಯಲ್ಲಿತ್ತಲ್ಲ, ಬಿಡಿ" ಅಂತ ಯಾರೂ ಬಿಡಲಿಲ್ಲ.

ಈಗ ಭಸ್ಮಕ್ಕೆ ಬರೋಣ. ಸ್ವರ್ಣಭಸ್ಮದಲ್ಲಿ 50-60 ನ್ಯಾನೋಮೀಟರ್ ಆಸುಪಾಸಿನ ಚಿನ್ನದ ಕಣಗಳು ಕಂಡಿವೆ, ಸುಳ್ಳಲ್ಲ. ಆದರೆ ಹಳಬರು ಅದನ್ನು ಅಳೆದದ್ದು ಹೇಗೆ? ನೀರಿನ ಮೇಲೆ ತೇಲಬೇಕು, ಅದು ವಾರಿತರ. ಬೆರಳುಗಳ ನಡುವೆ ಉಜ್ಜಿದರೆ ಗೆರೆಗಳಲ್ಲಿ ತುಂಬಿಕೊಳ್ಳಬೇಕು, ಅದು ರೇಖಾಪೂರ್ಣ. ಲೋಹದ ಹೊಳಪು ಇರಬಾರದು, ಅದು ನಿಶ್ಚಂದ್ರ. ಉಪಕರಣ ಏನೂ ಇಲ್ಲದ ಕಾಲಕ್ಕೆ ಇವು ಬಹಳ ಬುದ್ಧಿವಂತ ಪರೀಕ್ಷೆಗಳು, ನಾನಂತೂ ಕೈಮುಗೀತೀನಿ. ಆದರೆ ಬೆರಳಿನ ಒಂದು ಗೆರೆಗೂ ಪಕ್ಕದ ಗೆರೆಗೂ ಸುಮಾರು ಅರ್ಧ ಮಿಲಿಮೀಟರ್ ಅಂತರ, ಅಂದರೆ 5 ಲಕ್ಷ ನ್ಯಾನೋಮೀಟರ್. ಆ ಪರೀಕ್ಷೆ ಹೇಳೋದು "ನುಣ್ಣಗಿದೆ" ಅಂತ ಮಾತ್ರ. ಎಷ್ಟು ಪುಟ ಕೊಟ್ಟರು, ಯಾವ ರಸದಲ್ಲಿ ಅರೆದರು ಅನ್ನೋದರ ಮೇಲೆ ಒಂದು ಕಡೆಯ ಭಸ್ಮಕ್ಕೂ ಇನ್ನೊಂದು ಕಡೆಯದಕ್ಕೂ ವ್ಯತ್ಯಾಸ ಬರುತ್ತೆ. ಒಬ್ಬರ ಸ್ಯಾಂಪಲ್ಲಿನ ಫೋಟೋ ಹಿಡಿದು ಊರಿನ ಬಾಟಲಿಗಳಿಗೆಲ್ಲ ಸರ್ಟಿಫಿಕೇಟ್ ಕೊಟ್ಟರೆ ಹೇಗೆ ಸ್ವಾಮಿ?

ನನಗೆ ನಿಜವಾಗಿ ಸಿಟ್ಟು ಬರೋದು ಇಲ್ಲಿ. ನಮ್ಮ ಕಾನೂನಿನಲ್ಲಿ ಶಾಸ್ತ್ರಗ್ರಂಥದಲ್ಲಿ ಹೇಳಿದ ಕ್ರಮದಲ್ಲೇ, ಹೇಳಿದ ಉಪಯೋಗಕ್ಕೇ ಮಾಡಿದ ಆಯುರ್ವೇದ ಔಷಧಿಗೆ ಲೈಸೆನ್ಸ್ ಪಡೆಯೋಕೆ ಹೊಸ ಕ್ಲಿನಿಕಲ್ ಟ್ರಯಲ್ ಬೇಕಿಲ್ಲ. ಇನ್ನೊಂದು ಕಡೆ 2019ರಲ್ಲಿ ಭಾರತ ಸರ್ಕಾರವೇ ನ್ಯಾನೋ ಔಷಧಿಗಳ ಮೌಲ್ಯಮಾಪನಕ್ಕೆ ಬೇರೆ ಮಾರ್ಗಸೂಚಿ ತಂತು. ಲೈಸೆನ್ಸ್ ಕೇಳುವಾಗ "ಇದು ಪರಂಪರೆ", ಮಾರುವಾಗ "ಇದು ನ್ಯಾನೋ". ಎರಡೂ ದೋಣಿಯಲ್ಲಿ ಕಾಲು! ಪರಂಪರೆ ಅಂತೀರಾ, ಹಾಗಿದ್ರೆ ನ್ಯಾನೋ ಅನ್ನೋ ಪದ ಬಿಡಿ. ನ್ಯಾನೋ ಅಂತೀರಾ, ಹಾಗಿದ್ರೆ ಕಣ ಯಾವ ಅಂಗದಲ್ಲಿ ಎಷ್ಟು ದಿನ ಕೂರುತ್ತೆ, ಮೂತ್ರಪಿಂಡ ಏನನ್ನುತ್ತೆ ಅನ್ನೋ ಲೆಕ್ಕ ಕೊಡಿ.

ಇದು ಬರೀ ತರ್ಕದ ಜಗಳ ಅಲ್ಲ. ಸ್ವರ್ಣಭಸ್ಮ ಮಾಡುವ ಹಲವು ವಿಧಾನಗಳಲ್ಲಿ ಪಾದರಸ, ಗಂಧಕ ಸೇರಿಸಿ ಅರೀತಾರೆ. 2008ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಅಧ್ಯಯನ ಇಂಟರ್ನೆಟ್ಟಿನಲ್ಲಿ ಕೊಂಡ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿತ್ತು. ಸುಮಾರು ಶೇ. 21ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ತು. ರಸೌಷಧಿಗಳಲ್ಲಂತೂ ಶೇ. 40ರ ಮೇಲೆ. ಸೀಸವನ್ನು ಎಷ್ಟು ಸಣ್ಣಗೆ ಅರೆದರೂ ಅದು ಸೀಸವೇ, ಬೆಳೆಯೋ ಮಗುವಿನ ಮಿದುಳಿಗೆ ವಿಷವೇ. (ಸ್ವರ್ಣಬಿಂದುವನ್ನು ಜೇನಿನಲ್ಲಿ ಕಲಸಿ ಕೊಡೋದು ರೂಢಿ. ವರ್ಷ ತುಂಬದ ಕೂಸಿಗೆ ಜೇನು ಬೇಡ ಅನ್ನೋದು ಇನ್ನೊಂದೇ ಕತೆ.)

"ಅಲೋಪತಿ ಏನು ಸಾಚಾನಾ?" ಅಂತ ಕೇಳೋರು ಇದ್ದೇ ಇರ್ತಾರೆ. ಇಲ್ಲ, ಸಾಚಾ ಅಲ್ಲ. ರಕ್ತಹೀನತೆಗೆ ಕೊಡೋ ಫೆರುಮಾಕ್ಸಿಟಾಲ್ ಅನ್ನೋ ಕಬ್ಬಿಣದ ನ್ಯಾನೋ ಔಷಧಿಗೆ ಅಮೆರಿಕದಲ್ಲಿ 2009ರಲ್ಲಿ ಅನುಮತಿ ಸಿಕ್ಕಿತ್ತು. ಆಮೇಲೆ ತೀವ್ರ ಅಲರ್ಜಿಯಿಂದ ಸಾವುಗಳೂ ಆದವು, 2015ರಲ್ಲಿ ಲೇಬಲ್ ಮೇಲೆ ಕಪ್ಪು ಚೌಕದ ಎಚ್ಚರಿಕೆ ಹಾಕಿಸಿದರು. ಆದರೆ ಅದು ಗೊತ್ತಾಗಿದ್ದು ಹೇಗೆ? ಯಾರೋ ಬರೆದಿಟ್ಟಿದ್ದರು, ಇನ್ಯಾರೋ ಎಣಿಸಿದರು. ಶಿಬಿರದಲ್ಲಿ ಸಾಲಾಗಿ ನಿಂತು ಎರಡು ಹನಿ ಹಾಕಿಸಿಕೊಂಡು ಹೋದ ಮಗು ಆರು ತಿಂಗಳ ಮೇಲೆ ಹೇಗಿದೆ ಅಂತ ಎಷ್ಟು ಕಡೆ ಬರೆದಿಡ್ತಾರೆ?

ಮುಂದಿನ ಪುಷ್ಯಕ್ಕೆ ಯಾರಾದರೂ ಕರೆದರೆ ಈ ಬ್ಯಾಚಿನ ಕಣದ ಗಾತ್ರ ಎಷ್ಟು, ಪಾದರಸ ಎಷ್ಟು ಉಳಿದಿದೆ, ಲ್ಯಾಬ್ ರಿಪೋರ್ಟ್ ಎಲ್ಲಿ ಅಂತ ಕೇಳಿ. ಆ ಮೈಕ್ರೋಸ್ಕೋಪ್ ಫೋಟೋ ತೋರಿಸಿದರೆ, ಅದು ಯಾವ ಬಾಟಲಿಯದ್ದು ಅಂತಾನೂ ಕೇಳಿ.