ದೂರು ಹೇಳಲಷ್ಟೇ ತಾಯಿಯನ್ನು ಕರೆಸಬೇಕೆ?

ಸಮನ್ವಯ ಶಿಕ್ಷಣದ ಪಾಠದಲ್ಲಿ ನಾವು ಸ್ವಲೀನತೆ, ಅಂದರೆ ಆಟಿಸಂ ಇರುವ ಮಗುವಿನ ಲಕ್ಷಣಗಳನ್ನು ಓದುತ್ತೇವೆ, ಪರೀಕ್ಷೆಯಲ್ಲಿ ಬರೆಯುತ್ತೇವೆ. ಆ ಮಗುವನ್ನು ದಿನವೂ ಶಾಲೆಗೆ ಕರೆತರುವ ತಾಯಿಯ ಬಗ್ಗೆ ಮಾತ್ರ ನಮ್ಮ ಟಿಪ್ಪಣಿಗಳಲ್ಲಿ ಒಂದು ಸಾಲೂ ಇರುವುದಿಲ್ಲ. ಇದು ಬದಲಾಗಬೇಕು ಎಂಬುದು ನನ್ನ ಅಭಿಪ್ರಾಯ.

ನಾನು ಬೋಧನಾಭ್ಯಾಸಕ್ಕೆ ಹೋಗಿದ್ದ ಪ್ರೌಢಶಾಲೆಯಲ್ಲಿ ಒಬ್ಬ ತಾಯಿ ಪ್ರಾರ್ಥನೆಯಿಂದ ಬಿಸಿಯೂಟದವರೆಗೆ ಜಗಲಿಯಲ್ಲೇ ಕೂತಿರುತ್ತಿದ್ದರು. ಎಂಟನೇ ತರಗತಿಯ ಮಗ ಗದ್ದಲ ತಾಳದೆ ಕಿವಿ ಮುಚ್ಚಿಕೊಂಡು ಕೂಗಿದರೆ ಒಳಗಿನಿಂದ ಕರೆ ಬರುತ್ತಿತ್ತು. ಅವನು ಮೊದಲ ಇಪ್ಪತ್ತು ಧಾತುಗಳ ಸಂಕೇತಗಳನ್ನು ಚಾರ್ಟ್ ನೋಡದೆ ಬರೆದಿದ್ದನ್ನು ನಾನು ತೋರಿಸಿದಾಗ, "ಇಷ್ಟು ದಿನ ಕರೆದಾಗೆಲ್ಲ ಎದೆ ಧಸಕ್ ಅಂತಿತ್ತು ಮೇಡಂ" ಎಂದರು.

ತಾಯಿಯ ಮೇಲೆ ತಪ್ಪು ಹೊರಿಸುವುದು ಹಳೆಯ ರೂಢಿ. 1943ರಲ್ಲಿ ಲಿಯೋ ಕ್ಯಾನರ್ ಸ್ವಲೀನತೆಯನ್ನು ವಿವರಿಸಿದ ಮೇಲೆ, ತಾಯಿಯ ಪ್ರೀತಿ ಸಾಲದ್ದೇ ಇದಕ್ಕೆ ಕಾರಣವೆಂಬ ವಾದ ಬಹುಕಾಲ ನಡೆಯಿತು. ಇಂಥ ಮಗನ ತಂದೆಯೇ ಆಗಿದ್ದ ಮನೋವಿಜ್ಞಾನಿ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಪುಸ್ತಕ ಬರೆದು ಅದನ್ನು ಅಲ್ಲಗಳೆದರು. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಆನುವಂಶಿಕ ಅಂಶಗಳ ಪಾತ್ರ ದೊಡ್ಡದು ಎಂಬುದು ಈಗ ಗೊತ್ತಿರುವ ಸಂಗತಿ. ಆದರೂ "ಮುದ್ದು ಮಾಡಿ ಹಾಳು ಮಾಡಿದ್ದಾಳೆ" ಎಂಬ ಮಾತು ನಿಂತಿಲ್ಲ. ವಿಜ್ಞಾನ ಓದಿದ ನಾವಾದರೂ ಅದನ್ನು ತಿದ್ದಬೇಕು.

ತರಗತಿ ತುಂಬ ಮಕ್ಕಳಿರುವಾಗ ತಾಯಂದಿರ ಮನಸ್ಸನ್ನೂ ನೋಡುವುದು ಹೇಗೆ, ನಾವೇನು ಆಪ್ತಸಮಾಲೋಚಕರೇ ಎಂದು ಕೆಲವರು ಕೇಳಬಹುದು. ಅಲ್ಲ, ನಿಜ. ಆದರೆ ಮಗು ಕಲಿತ ಒಂದು ವಿಷಯವನ್ನು ವಾರಕ್ಕೊಮ್ಮೆ ಡೈರಿಯಲ್ಲಿ ಬರೆದು ಕಳಿಸಲು ಎರಡು ನಿಮಿಷ ಸಾಕು. ಪೋಷಕರ ಸಭೆಗೆ ತಂದೆಯೂ ಬರಲೇಬೇಕೆಂದು ಹೇಳಬಹುದು. ಬಿಐಇಆರ್‌ಟಿ ಶಿಕ್ಷಕರ ಮೂಲಕ ತಾಲ್ಲೂಕಿನ ಇಂಥ ತಾಯಂದಿರನ್ನು ಪರಸ್ಪರ ಪರಿಚಯಿಸಬಹುದು. ನಿದ್ದೆಯಿಲ್ಲದೆ ಕುಗ್ಗಿಹೋದವರಿಗೆ ಟೆಲಿ ಮಾನಸ್ ಸಹಾಯವಾಣಿಯ ಉಚಿತ ಸಂಖ್ಯೆ 14416 ಬರೆದುಕೊಡಬಹುದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಸ್ವಲೀನತೆಯೂ ಇದೆ. ಮಗುವನ್ನು ಸೇರಿಸಿಕೊಂಡದ್ದು ಶಾಲೆಯ ಉಪಕಾರವಲ್ಲ. ತಾಯಿ ನಮ್ಮೆದುರು ತಲೆತಗ್ಗಿಸಿ ನಿಲ್ಲಬೇಕಾಗಿಲ್ಲ.

ಬೋಧಕ ವರ್ಗಕ್ಕೆ ನನ್ನದೊಂದು ಕೋರಿಕೆ. ನಮ್ಮ ಪ್ರಕರಣ ಅಧ್ಯಯನದ ನಮೂನೆಯಲ್ಲಿ ಕುಟುಂಬದ ಆದಾಯ, ಪೋಷಕರ ವಿದ್ಯಾರ್ಹತೆ ಕೇಳುವ ಅಂಕಣಗಳಿವೆ. ಅವುಗಳ ಕೆಳಗೆ ಇನ್ನೊಂದು ಸೇರಲಿ: ಈ ಮಗುವನ್ನು ನೋಡಿಕೊಳ್ಳುವವರನ್ನು ನೋಡಿಕೊಳ್ಳುವವರು ಯಾರು? ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ಅದನ್ನು ತುಂಬಲಿಕ್ಕಾದರೂ ಆ ತಾಯಿಯ ಪಕ್ಕ ಹತ್ತು ನಿಮಿಷ ಕೂರುತ್ತಾರೆ.