ಕೊಳಗದ ಅಳತೆ: ಶಾಂತವೇರಿ ಗೋಪಾಲಗೌಡರ ಶಾಸಕ ಜೀವನವನ್ನು ಓದುವ ಬಗೆ

ಯು. ಆರ್. ಅನಂತಮೂರ್ತಿಯವರ 'ಅವಸ್ಥೆ' ಕಾದಂಬರಿ 1978ರಲ್ಲಿ ಪ್ರಕಟವಾದಂದಿನಿಂದ ಶಾಂತವೇರಿ ಗೋಪಾಲಗೌಡರಿಗೆ ಎರಡು ಬದುಕು ಪ್ರಾಪ್ತವಾಗಿದೆ. ಒಂದು, 1923ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಹುಟ್ಟಿ, ಮೂರು ಸಲ ಶಾಸಕರಾಗಿ, 1972ರ ಜೂನ್ 9ರಂದು ತೀರಿಕೊಂಡ ಸಮಾಜವಾದಿ ನಾಯಕನದು. ಇನ್ನೊಂದು, ಪಾರ್ಶ್ವವಾಯು ಪೀಡಿತನಾಗಿ ಮಲಗಿ ತನ್ನ ಗತವನ್ನು ತಿರುವಿ ನೋಡುವ ಕೃಷ್ಣಪ್ಪಗೌಡನದು. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಪರಿಚಯವಿರುವುದು ಎರಡನೆಯದೇ. ಅದರಲ್ಲೂ ಮುಂಬಯಿ, ಪುಣೆ, ಚೆನ್ನೈಗಳಂಥ ಊರುಗಳಲ್ಲಿ ಕುಳಿತು ಕನ್ನಡ ಓದುವವರಿಗೆ ಮಲೆನಾಡು ದೊರೆಯುವುದೇ 'ಕಾನೂರು ಹೆಗ್ಗಡಿತಿ' ಮತ್ತು 'ಮಲೆಗಳಲ್ಲಿ ಮದುಮಗಳು' ಕೃತಿಗಳ ದಾರಿಯಿಂದ; ಮಲೆನಾಡಿನ ರಾಜಕಾರಣ ದೊರೆಯುವುದು 'ಅವಸ್ಥೆ'ಯ ಮೂಲಕ. ಇದರಲ್ಲಿ ಕಾದಂಬರಿಕಾರರ ತಪ್ಪೇನೂ ಇಲ್ಲ. ಅವರು ಬರೆದದ್ದು ಜೀವನಚರಿತ್ರೆಯನ್ನಲ್ಲ. ಆದರೆ ಕಾದಂಬರಿಯ ನಾಯಕನ ದಣಿವನ್ನೂ ಆತ್ಮಶೋಧನೆಯನ್ನೂ ಗೋಪಾಲಗೌಡರ ಮೇಲೆ ಹೊರಿಸಿ, ಅವರ ರಾಜಕೀಯ ಜೀವನವನ್ನು ಒಂದು ಉದಾತ್ತ ವೈಫಲ್ಯವೆಂದು ಓದುವ ರೂಢಿ ವಿಮರ್ಶೆಯಲ್ಲಿ ಬೆಳೆದಿರುವುದು ಮಾತ್ರ ಪ್ರಶ್ನಾರ್ಹ.

ಶಾಸಕನಾಗಿ ಗೋಪಾಲಗೌಡರನ್ನು ಅಳೆಯಬೇಕಾದರೆ ಅಳತೆಯಿಂದಲೇ ಆರಂಭಿಸುವುದು ಉಚಿತ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಒಡೆಯರಿಗೆ ಭತ್ತವನ್ನು ಕೊಳಗದಿಂದ ಅಳೆದು ಕೊಡುತ್ತಿದ್ದರು. ಗೇಣಿಯ ಕರಾರು ಇಷ್ಟು ಕೊಳಗವೆಂದು ಇರುತ್ತಿತ್ತು. ಆದರೆ ಒಡೆಯರ ಮನೆಯ ಕೊಳಗ ಸರಕಾರಿ ಮೊಹರಿನ ಕೊಳಗಕ್ಕಿಂತ ದೊಡ್ಡದು. ಸಂಖ್ಯೆ ಬದಲಾಗುವುದಿಲ್ಲ, ಮಾತೂ ಬದಲಾಗುವುದಿಲ್ಲ. ಮಾತಿನ ಅರ್ಥ ಮಾತ್ರ ಒಡೆಯನ ಕೈಯಲ್ಲಿರುತ್ತದೆ. ಮೊಹರು ಮಾಡಿದ ಕೊಳಗದಿಂದಲೇ ಅಳೆಯಬೇಕೆಂದು ಗೇಣಿದಾರರು ಕೇಳಿದಾಗ ಅದು ಕೆಲವು ಸೇರು ಭತ್ತದ ಜಗಳವಷ್ಟೇ ಆಗಿ ಉಳಿಯಲಿಲ್ಲ. ಒಕ್ಕಲು ಒಡೆಯನೆದುರು ಹೇಗೆ ಉಡಬೇಕು, ಎಲ್ಲಿ ಕೂರಬೇಕು ಎಂಬ ಕಟ್ಟಳೆಗಳೂ ಅದೇ ಕೊಳಗದೊಳಗೆ ಇದ್ದುವು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಆರಂಭವಾಯಿತು. ತಾವು ಉಳುತ್ತಿದ್ದ ಹೊಲಕ್ಕೆ ಇಳಿದು ಗೇಣಿದಾರರು ಬಂಧನಕ್ಕೊಳಗಾದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಲಾಯಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕಾಗುತ್ತದೆ. ಕಾಗೋಡು ಸತ್ಯಾಗ್ರಹವನ್ನು ಗೋಪಾಲಗೌಡರ ಹೋರಾಟವೆಂದು ಹೇಳುವುದು ವಾಡಿಕೆಯಾಗಿದೆ. ಇದು ಗೌರವದಿಂದ ಬಂದ ವಾಡಿಕೆಯಾದರೂ ನ್ಯಾಯವಾದುದಲ್ಲ. ರೈತ ಸಂಘವನ್ನು ಕಟ್ಟಿ ಹೋರಾಟವನ್ನು ಮೊದಲಿಗೆ ರೂಪಿಸಿದವರು ಎಚ್. ಗಣಪತಿಯಪ್ಪನವರು, ಜೈಲಿಗೆ ಹೋದವರಲ್ಲಿ ಬಹುಪಾಲು ದೀವರ ಸಮುದಾಯದ ಗೇಣಿದಾರರು. ಜಿ. ರಾಜಶೇಖರ ಅವರ 'ಕಾಗೋಡು ಸತ್ಯಾಗ್ರಹ' ಎಂಬ ಕೃತಿಯನ್ನು ಓದಿದವರಿಗೆ ಇದು ತಿಳಿಯದ ಸಂಗತಿಯಲ್ಲ. 1942ರ ಚಳವಳಿಯಲ್ಲಿ ವಿದ್ಯಾರ್ಥಿಯಾಗಿ ಸೆರೆಮನೆ ಕಂಡಿದ್ದ ಗೋಪಾಲಗೌಡರು ಸಮಾಜವಾದಿ ಪಕ್ಷದ ಪರವಾಗಿ ಆ ಹೋರಾಟದೊಳಕ್ಕೆ ಬಂದವರು. ಹೋರಾಟವನ್ನು ಹುಟ್ಟಿಸಿದ ಹಿರಿಮೆ ಅವರದಲ್ಲ. ಭತ್ತದ ಕಣದಲ್ಲಿ ನಡೆದ ಆ ವಾದವನ್ನು ಕಾನೂನು ಮಾಡುವ ಸದನದ ಭಾಷೆಗೆ ತಂದದ್ದು ಅವರ ಕೆಲಸ. ಆ ಕೆಲಸವೇನೂ ಚಿಕ್ಕದಲ್ಲ.

1952ರ ಮೊದಲ ಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರ ಅವರನ್ನು ಆರಿಸಿತು. ಆಗ ಅವರಿಗೆ ಮೂವತ್ತು ತುಂಬಿರಲಿಲ್ಲ. 99 ಸ್ಥಾನಗಳ ಮೈಸೂರು ವಿಧಾನಸಭೆಯಲ್ಲಿ ಕಾಂಗ್ರೆಸ್ಸಿನವರೇ ಎಪ್ಪತ್ತಕ್ಕೂ ಹೆಚ್ಚು ಮಂದಿ; ಸಮಾಜವಾದಿಗಳು ಬೆರಳೆಣಿಕೆಯವರು. ಅಂಥ ಸದನದಲ್ಲಿ ವಿರೋಧಿ ಶಾಸಕನೊಬ್ಬನಿಗೆ ಮತದಾನದಿಂದ ಗೆಲ್ಲಬಹುದಾದದ್ದು ಏನೂ ಇರುವುದಿಲ್ಲ. ಅವನಿಗೆ ಉಳಿಯುವ ಉಪಕರಣ ಮಾತೊಂದೇ. ಕಂದಾಯ ಖಾತೆಯನ್ನು ಹೊಂದಿದ್ದ ಕಡಿದಾಳ್ ಮಂಜಪ್ಪನವರೂ ತೀರ್ಥಹಳ್ಳಿಯವರೇ, ಗೇಣಿ ಶಾಸನದ ವಿಷಯದಲ್ಲಿ ಪ್ರಾಮಾಣಿಕ ಕಳಕಳಿಯುಳ್ಳವರೇ. ಆ ದಿನಗಳ ಭೂಚರ್ಚೆಯನ್ನು ಒಳ್ಳೆಯವರು ಕೆಟ್ಟವರು ಎಂದು ವಿಂಗಡಿಸಿ ನೋಡುವುದು ಆದ್ದರಿಂದ ಸಾಧ್ಯವಾಗದು. ಆಡಳಿತ ಪಕ್ಷದ ಸುಧಾರಕ ಮಂತ್ರಿ ಸುಧಾರಣೆಯನ್ನು ತನ್ನ ಪಕ್ಷದ ಭೂಮಾಲೀಕರು ಸಹಿಸುವಷ್ಟಕ್ಕೆ ಅಳೆದು ಕೊಡಬೇಕಾಗಿತ್ತು. ಆ ಕೊಳಗವೂ ಸಣ್ಣದೆಂದು ಹೇಳುವ ಸ್ವಾತಂತ್ರ್ಯ ಅಧಿಕಾರದ ಹಂಗಿಲ್ಲದ ಶಾಸಕನಿಗೆ ಮಾತ್ರ ಇತ್ತು.

ಏಕೀಕರಣದ ಚರ್ಚೆಯಲ್ಲಿಯೂ ಇದೇ ಸ್ವಾತಂತ್ರ್ಯ ಕೆಲಸಮಾಡಿತು. ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ 1955ರಲ್ಲಿ ಬಂದಾಗ ಹಳೆಯ ಮೈಸೂರಿನ ಅನೇಕ ಪ್ರಮುಖರು ಹಿಂಜರಿದರು. ಉತ್ತರದ ಜಿಲ್ಲೆಗಳು ಸೇರಿದರೆ ಮೈಸೂರಿನ ಅನುಕೂಲ ಹಂಚಿಹೋಗುತ್ತದೆಂಬ ಅಂಜಿಕೆಯ ಹಿಂದೆ, ತಮ್ಮ ಜಾತಿಯ ಪ್ರಾಬಲ್ಯ ಕರಗುತ್ತದೆಂಬ ಲೆಕ್ಕಾಚಾರವೂ ಇತ್ತು. ಒಕ್ಕಲಿಗರಾಗಿ ಹುಟ್ಟಿದ ಗೋಪಾಲಗೌಡರು ಆ ಲೆಕ್ಕವನ್ನು ತಿರಸ್ಕರಿಸಿ ಒಂದೇ ಕರ್ನಾಟಕದ ಪರ ನಿಂತರು. ಮುಂಬಯಿ ಪ್ರಾಂತದಲ್ಲಿಯೂ ಹೈದರಾಬಾದ್ ಸಂಸ್ಥಾನದಲ್ಲಿಯೂ ಹರಿದುಹೋಗಿದ್ದ ಕನ್ನಡಿಗರ ಅನುಭವವನ್ನು ಬಲ್ಲವರಿಗೆ ಈ ನಿಲುವಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಜ್ಯ ಒಂದಾದ ಮೇಲೂ ಅದಕ್ಕೆ ಮೈಸೂರು ಎಂಬ ಹೆಸರೇ ಉಳಿದದ್ದನ್ನು ಅವರು ಒಪ್ಪಲಿಲ್ಲ.

1957ರಿಂದ 1962ರವರೆಗೆ ಅವರು ಸದನದ ಹೊರಗಿದ್ದರು. ವಿಚಿತ್ರವೆಂದರೆ 1961ರ ಮೈಸೂರು ಭೂಸುಧಾರಣಾ ಕಾಯಿದೆ ರೂಪುಗೊಂಡು ಸದನದ ಒಪ್ಪಿಗೆ ಪಡೆದದ್ದು ಈ ಅವಧಿಯಲ್ಲಿಯೇ. ಯಾವ ವಿಷಯಕ್ಕಾಗಿ ಜನ ಅವರನ್ನು ಮೊದಲು ಆರಿಸಿದ್ದರೋ ಆ ವಿಷಯದ ಮುಖ್ಯ ಕಾಯಿದೆ ಬಂದಾಗ ಅವರಿಗೆ ಅಲ್ಲಿ ಪೀಠವಿರಲಿಲ್ಲ. ಆ ಕಾಯಿದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಅಷ್ಟರಲ್ಲಿ ಒಡೆಯರಿಗೆ ಒಕ್ಕಲನ್ನು ಬಿಡಿಸಿಕೊಳ್ಳಲು ಸಾಕಷ್ಟು ಕಾಲಾವಕಾಶ ದೊರೆತಿತ್ತು. 1962ರಲ್ಲಿ ಮತ್ತು 1967ರಲ್ಲಿ ತೀರ್ಥಹಳ್ಳಿ ಅವರನ್ನು ಆರಿಸಿತು. ಅವರ ಚುನಾವಣೆಗಳಲ್ಲಿ ಮತದೊಂದಿಗೆ ಒಂದು ನೋಟನ್ನೂ ಮತದಾರರೇ ಕೊಡುತ್ತಿದ್ದರೆಂಬುದನ್ನು ಮಲೆನಾಡು ಇಂದಿಗೂ ನೆನೆಯುತ್ತದೆ. ನೋಟು ಹರಿಯುವ ದಿಕ್ಕು ಆಮೇಲೆ ತಿರುಗಿದ್ದು ಎಲ್ಲರಿಗೂ ಗೊತ್ತಿರುವ ಕಥೆ.

ಅವರ ಬಗೆಗಿನ ನೆನಪಿನ ಬರಹಗಳು ಒಂದು ವಿಧದಲ್ಲಿ ಅವರಿಗೆ ಅನ್ಯಾಯವನ್ನೇ ಮಾಡಿವೆ ಎನ್ನಬೇಕು. ಸದನದಲ್ಲಿ ಅವರು ಸಿಡಿದೆದ್ದ ಸಂದರ್ಭಗಳು, ಅವರ ಬಡತನ, ಅವರ ಸಾಹಿತ್ಯಪ್ರೀತಿ, ಲೇಖಕರೊಡನೆ ಕಳೆದ ರಾತ್ರಿಗಳು, ಇವನ್ನೇ ಪುನಃ ಪುನಃ ಹೇಳಲಾಗಿದೆ. ಸಿಡಿದೆದ್ದ ಕ್ಷಣ ನೆನಪಿನಲ್ಲಿ ಉಳಿಯುತ್ತದೆ. ಗೇಣಿಯ ಪ್ರಮಾಣ, ಲೆವಿ ಭತ್ತ, ಬಗರ್‌ಹುಕುಂ ಸಾಗುವಳಿ ಮುಂತಾದವುಗಳ ಬಗ್ಗೆ ದಿನಗಟ್ಟಲೆ ಮಾಡಿದ ವಾದ ಉಳಿಯುವುದಿಲ್ಲ. ಸಂತನನ್ನಾಗಿ ಮಾಡಿದ ಶಾಸಕನೊಡನೆ ಯಾರೂ ವಾದ ಮಾಡಬೇಕಾಗಿಲ್ಲವೆಂಬುದು ಇದರ ಅನುಕೂಲ!

ಕನ್ನಡ ವಿಭಾಗಗಳಿಗೆ ಈ ವಿಷಯ ಸಂಬಂಧಿಸಿದ್ದು ಇಲ್ಲಿಯೇ. 'ಶಾಸನ' ಎಂಬ ಪದ ಕನ್ನಡ ವಿದ್ಯಾರ್ಥಿಗೆ ಮೊದಲು ನೆನಪಿಸುವುದು ಕಲ್ಲನ್ನು, ತಾಮ್ರಪಟವನ್ನು. ಶಾಸನಗಳಲ್ಲಿ ಬರುವ ಮತ್ತರು, ಖಂಡುಗ, ಕೊಳಗಗಳ ಪ್ರಮಾಣವನ್ನು ನಿರ್ಣಯಿಸಲು ವಿದ್ವಾಂಸರು ವರ್ಷಗಟ್ಟಲೆ ಶ್ರಮಿಸಿದ್ದಾರೆ. ಆ ಶ್ರಮ ಸಾರ್ಥಕವಾದುದು. ಹಾಗಿರುವಾಗ 1951ರ ಕೊಳಗವನ್ನು ಕುರಿತು ಶಾಸನಸಭೆಯಲ್ಲಿ ಕನ್ನಡದಲ್ಲಿ ನಡೆದ ವಾದ ಭಾಷಾಧ್ಯಯನದ ಹೊರಗೆ ಏಕಿರಬೇಕು? ಇಂಗ್ಲಿಷಿನಲ್ಲಿ ಯೋಚಿಸಿ ರಚಿಸಿದ ಮಸೂದೆಗಳನ್ನು ಮಲೆನಾಡಿನ ಒಕ್ಕಲಿನ ಕನ್ನಡದಲ್ಲಿ ಪ್ರಶ್ನಿಸಬೇಕಾಗಿ ಬಂದಾಗ ಕನ್ನಡ ಗದ್ಯಕ್ಕೆ ಒದಗಿದ ಹೊಸ ಕಸುವೊಂದಿದೆ. ಹೊಸಗನ್ನಡ ಗದ್ಯದ ಬೆಳವಣಿಗೆಯನ್ನು ಕಾದಂಬರಿ, ಪ್ರಬಂಧ, ಪತ್ರಿಕೆಗಳಲ್ಲಿ ಹುಡುಕುವವರು ವಿಧಾನಸಭೆಯ ನಡವಳಿಗಳ ಸಂಪುಟಗಳನ್ನು ತೆರೆಯುವುದು ಅಪರೂಪ. ರಾಜ್ಯದ ಆಡಳಿತ ಭಾಷೆ ಕನ್ನಡವೆಂದು ಸಾರುವ ಕಾಯಿದೆ ಬಂದದ್ದು 1963ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲೇ ಕನ್ನಡದಲ್ಲಿ ಶಾಸನವನ್ನು ವಿಮರ್ಶಿಸಬಹುದೆಂದು ತೋರಿಸಿದವರಲ್ಲಿ ಗೋಪಾಲಗೌಡರು ಮುಖ್ಯರು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋದ ಜೆ. ಎಚ್. ಪಟೇಲರು ಅಲ್ಲಿ ಕನ್ನಡದಲ್ಲಿ ಮಾತನಾಡಿದ್ದನ್ನು ಎಲ್ಲರೂ ಹೆಮ್ಮೆಯಿಂದ ಸ್ಮರಿಸುತ್ತಾರೆ. ಅದರ ಹಿಂದೆ ಈ ಸಮಾಜವಾದಿ ಅಭ್ಯಾಸವಿತ್ತೆಂಬುದನ್ನು ಮರೆಯಲಾಗದು.

ಅವರು ಮಂತ್ರಿಯಾಗಲಿಲ್ಲ, ಆಡಳಿತ ಪಕ್ಷದ ಸಾಲಿನಲ್ಲಿ ಒಂದು ದಿನವೂ ಕೂರಲಿಲ್ಲ. ವೈಫಲ್ಯವೆನ್ನುವವರ ವಾದ ಇದನ್ನೇ ಅವಲಂಬಿಸಿದೆ. ಆದರೆ ಕಾಲಾನುಕ್ರಮವನ್ನು ನೋಡಬೇಕು. ಅವರು ತೀರಿಕೊಂಡು ಎರಡು ತಿಂಗಳು ತುಂಬುವ ಮೊದಲೇ, 1972ರ ಜುಲೈನಲ್ಲಿ, ರಾಜ್ಯದ ಹೆಸರನ್ನು ಬದಲಿಸುವ ನಿರ್ಣಯವನ್ನು ವಿಧಾನಸಭೆ ಒಪ್ಪಿತು. 1973ರ ನವೆಂಬರ್ 1ರಂದು ಮೈಸೂರು ಕರ್ನಾಟಕವಾಯಿತು. 1974ರ ಮಾರ್ಚ್ 1ರಿಂದ ಜಾರಿಯಾದ ದೇವರಾಜ ಅರಸು ಸರಕಾರದ ತಿದ್ದುಪಡಿ ಗೇಣಿ ಪದ್ಧತಿಯನ್ನೇ ಕೊನೆಗೊಳಿಸಿತು, ಅರ್ಜಿಗಳ ತೀರ್ಮಾನವನ್ನು ಭೂನ್ಯಾಯ ಮಂಡಳಿಗಳಿಗೆ ವಹಿಸಿತು. ಇದರ ಶ್ರೇಯಸ್ಸು ಅರಸು ಅವರದು, ಸಂದೇಹವಿಲ್ಲ. ಆದರೂ ಎರಡು ದಶಕಗಳ ಕಾಲ ಆ ಮಾತನ್ನು ಸದನದಲ್ಲಿ ಜೀವಂತವಾಗಿಟ್ಟವರು ಅಧಿಕಾರದಲ್ಲಿದ್ದವರಲ್ಲ. 1972ರಲ್ಲಿ ತೀರ್ಥಹಳ್ಳಿಯಿಂದ ಕೋಣಂದೂರು ಲಿಂಗಪ್ಪ, ಸಾಗರದಿಂದ ಕಾಗೋಡು ತಿಮ್ಮಪ್ಪ ಸಮಾಜವಾದಿಗಳಾಗಿಯೇ ಗೆದ್ದು ಬಂದದ್ದನ್ನೂ ಈ ಲೆಕ್ಕಕ್ಕೆ ಸೇರಿಸಬೇಕು.

ಹಾಗೆಂದು ದೋಷಗಳನ್ನು ಮುಚ್ಚಿಡಬೇಕಾಗಿಲ್ಲ. ಗೋಪಾಲಗೌಡರೂ ಅವರ ಸಂಗಾತಿಗಳೂ ತಮ್ಮ ಮಾತಿನ ಶಕ್ತಿಗೆ ಸಮನಾದ ಪಕ್ಷವನ್ನು ಕಟ್ಟಲಿಲ್ಲ. ಶಿವಮೊಗ್ಗ ಜಿಲ್ಲೆಯ ಆಚೆಗೆ ಅವರ ಸಂಘಟನೆ ತೆಳುವಾಗಿಯೇ ಉಳಿಯಿತು. ಲೋಹಿಯಾವಾದದಿಂದ ಬೆಳೆದವರು ಅನಂತರ ಬೇರೆ ಬೇರೆ ಪಕ್ಷಗಳ ಮೂಲಕ ಅಧಿಕಾರ ತಲುಪಿದರು. ಬಂಗಾರಪ್ಪನವರು 1990ರಲ್ಲಿ, ಪಟೇಲರು 1996ರಲ್ಲಿ ಮುಖ್ಯಮಂತ್ರಿಗಳಾದರು. ಆ ಎರಡು ಸರಕಾರಗಳಲ್ಲಿ 1951ರ ಎಷ್ಟು ಅಂಶ ಉಳಿದಿತ್ತೆಂಬುದು ಪ್ರತ್ಯೇಕ ಅಧ್ಯಯನದ ವಸ್ತು. ಉಳುವವನೇ ಒಡೆಯನೆಂಬ ಘೋಷಣೆಯಲ್ಲಿ 'ಉಳುವವ' ಎಂದರೆ ಗೇಣಿದಾರನೇ ಹೊರತು ಅವನ ಗದ್ದೆಯಲ್ಲಿ ಕೂಲಿ ಮಾಡುವ ಭೂಹೀನನಲ್ಲ ಎಂಬ ಆಕ್ಷೇಪಕ್ಕೂ ಆ ಚಳವಳಿ ಪೂರ್ಣ ಉತ್ತರ ಕೊಡಲಿಲ್ಲ.

ಗೇಣಿದಾರರು ಬಂಧನಕ್ಕೊಳಗಾದ ಊರಿನ ಕಾಗೋಡು ತಿಮ್ಮಪ್ಪನವರು 2013ರಿಂದ 2016ರವರೆಗೆ ವಿಧಾನಸಭೆಯ ಅಧ್ಯಕ್ಷಪೀಠದಲ್ಲಿ ಕುಳಿತರು, ಅನಂತರ 2018ರವರೆಗೆ ಕಂದಾಯ ಮಂತ್ರಿಯಾದರು. ಅದೇ ಸಾಗರ, ಹೊಸನಗರಗಳಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ 1960ರ ದಶಕದಲ್ಲಿ ಜಮೀನು ಕಳೆದುಕೊಂಡವರ ಮಕ್ಕಳು, ಮೊಮ್ಮಕ್ಕಳು ತಾವು ಸಾಗುಮಾಡುತ್ತಿರುವ ನೆಲಕ್ಕೆ ಹಕ್ಕುಪತ್ರ ಕೊಡಿರೆಂದು ಇಂದಿಗೂ ಅರ್ಜಿ ಹಿಡಿದು ಅಲೆಯುತ್ತಿದ್ದಾರೆ. ಅವರ ಪರವಾಗಿ ಸದನದಲ್ಲಿ ಎದ್ದು ನಿಲ್ಲುವ ಶಾಸಕರ ಮಾತೂ ನಡವಳಿಗಳಲ್ಲಿ ಸೇರುತ್ತಿದೆ, ಕನ್ನಡದಲ್ಲಿಯೇ.