ಸಾಸ್ತಾನದ ಸುಂಕದಕಟ್ಟೆಯೂ ನನ್ನ ಪ್ರಬೋಧನೆಯೂ



ದಿನನಿತ್ಯದ ಸಾಮಾನ್ಯ ಅನುಭವಗಳಿಂದ ಆಧ್ಯಾತ್ಮಿಕ ಪಾಠಗಳನ್ನು ಹೆಕ್ಕಿ ತೆಗೆಯುವುದು ಒಳ್ಳೆಯ ಅಭ್ಯಾಸವೆಂದು ಎಲ್ಲರೂ ಹೇಳುತ್ತಾರೆ. ಬಲಿಪೂಜೆಯ ಪ್ರಬೋಧನೆಗಳಲ್ಲಿ, ಧ್ಯಾನಕೂಟಗಳಲ್ಲಿ, ಇಂತಹ ಮಾಸಪತ್ರಿಕೆಗಳ ಪುಟಗಳಲ್ಲಿ, ಈಗೀಗ ಬೆಳಗಾಗುತ್ತಲೇ ಕೈಯಲ್ಲಿರುವ ಮೊಬೈಲಿನಲ್ಲಿ, ಗಾಳಿಪಟವೂ ಮೇಣದಬತ್ತಿಯೂ ಇರುವೆಯೂ ನಮಗೆ ನೀತಿ ಹೇಳುತ್ತಲೇ ಇರುತ್ತವೆ. ಈ ಅಭ್ಯಾಸದ ಬಗ್ಗೆ ನನ್ನದೊಂದು ದೂರಿದೆ. ದೂರು ಮೊದಲು ನನ್ನ ಮೇಲೆಯೇ. ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿ ಹೀಗೆ ಪಾಠ ಹೆಕ್ಕುತ್ತ ಬಂದವರಲ್ಲಿ ನಾನೂ ಒಬ್ಬ.

ಉಡುಪಿಯಿಂದ ಕುಂದಾಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಬ್ರಹ್ಮಾವರ ದಾಟಿ ಕೋಟ ಸೇರುವ ಮೊದಲು ಸಾಸ್ತಾನ ಸಿಗುತ್ತದೆ. ಅಲ್ಲಿನ ಸುಂಕದಕಟ್ಟೆಯನ್ನು ಈ ಭಾಗದ ಜನರೆಲ್ಲರೂ ಬಲ್ಲರು. ಸ್ಥಳೀಯ ವಾಹನಗಳಿಗೆ ವಿನಾಯಿತಿ ಬೇಕೆಂದು ಅಲ್ಲಿ ಪ್ರತಿಭಟನೆಗಳು ನಡೆದದ್ದನ್ನೂ ನೀವು ಬಲ್ಲಿರಿ. 2021ರ ಫೆಬ್ರವರಿಯಲ್ಲಿ ದೇಶದಾದ್ಯಂತ ಫಾಸ್ಟ್ಯಾಗ್ ಕಡ್ಡಾಯವಾಯಿತು. ಅಂದಿನಿಂದ ಹಣ ಕೈಯಿಂದ ಕೈಗೆ ಹೋಗುವುದು ಅಪರೂಪವಾಯಿತು. ಗಾಜಿನ ಮೇಲೆ ಅಂಟಿಸಿದ ಚೀಟಿಯನ್ನು ಯಂತ್ರ ಓದುತ್ತದೆ, ಖಾತೆಯಿಂದ ಹಣ ಕಳೆಯುತ್ತದೆ, ಅಡ್ಡಗಂಬ ಮೇಲೇಳುತ್ತದೆ.

ಇದರಿಂದ ನಾನೊಂದು ಪ್ರಬೋಧನೆ ಮಾಡಿದೆ. ತಪಸ್ಸುಕಾಲದ ಒಂದು ಭಾನುವಾರ. ನಮ್ಮ ಆತ್ಮದ ಖಾತೆಯಲ್ಲಿ ವರಪ್ರಸಾದವೆಂಬ ಶಿಲ್ಕು ಇರಬೇಕು, ಇಲ್ಲವಾದರೆ ಸ್ವರ್ಗದ ಬಾಗಿಲಲ್ಲಿ ಅಡ್ಡಗಂಬ ಏಳುವುದಿಲ್ಲ ಎಂದೆ. ಪಾಪನಿವೇದನೆಯೇ ರೀಚಾರ್ಜ್ ಎಂದೆ. ಜನ ನಕ್ಕರು, ಮೆಚ್ಚಿದರು. ಪೂಜೆಯ ನಂತರ ಇಬ್ಬರು ಮೂವರು ಬಂದು ಕೈಕುಲುಕಿದರು. ಎಲ್ಲರೂ ಹೋದ ಮೇಲೆ ವಯಸ್ಸಾದ ವಿಧವೆಯೊಬ್ಬರು ಹತ್ತಿರ ಬಂದರು. ಸುಂಕದಕಟ್ಟೆಯ ಮುಂದೆ ವಾಹನಗಳು ಸಾಲುಗಟ್ಟಿ ನಿಲ್ಲುತ್ತಿದ್ದ ದಿನಗಳಲ್ಲಿ ಕಿಟಕಿಯಿಂದ ಕಿಟಕಿಗೆ ನಡೆದು ಬೇಯಿಸಿದ ಕಡಲೆಕಾಯಿ ಮಾರಿ ಬದುಕಿದವರು. ಅವರೆಂದರು: “ನೀವ್ ಹೇಳದ್ದ್ ಲಾಯ್ಕ್ ಇತ್ತ್ ಫಾದರೇ. ಆರೆ ಗಾಡಿ ನಿಲ್ದೆ ಹೋರೆ ನಮ್ಮ್ ಕಡ್ಲಿ ತಕಂಬರ್ ಯಾರ್?”

ಆ ಮಾತಿನಲ್ಲಿ ಯಾರ ಮೇಲೂ ಆರೋಪವಿರಲಿಲ್ಲ. ಸಾಲು ಕರಗಿದ್ದು ಪ್ರಯಾಣಿಕರಿಗೆ ಒಳ್ಳೆಯದೇ ಆಯಿತು, ಅದನ್ನು ಆಕೆಯೂ ಬಲ್ಲರು. ಆದರೆ ನಾನು ಕೊಟ್ಟ ಉತ್ತರವನ್ನು ಕೇಳಿ: ದೇವರು ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ತೆರೆಯುತ್ತಾನೆ ಎಂದೆ. ಅಂದರೆ ಮತ್ತೊಂದು ಪಾಠ! ಆಕೆ ಮುಗುಳ್ನಕ್ಕು, ಸೆರಗು ಸರಿಪಡಿಸಿಕೊಂಡು ಹೋದರು. ಮುಂದಿನ ಎರಡು ಭಾನುವಾರ ಪೂಜೆಗೆ ಬರಲಿಲ್ಲ.

ಓದುಗರೇ, ನನ್ನ ವಾದ ಇದು. ಪಾಠ ಹೆಕ್ಕುವ ನಮ್ಮ ಚಪಲ ಅನೇಕ ವೇಳೆ ಮನುಷ್ಯರನ್ನು ನೋಡದಿರುವುದಕ್ಕೆ ನಾವು ಕಂಡುಕೊಂಡ ಭಕ್ತಿಯುತವಾದ ಉಪಾಯ. ಯಂತ್ರದಲ್ಲಿ ನಾನು ವರಪ್ರಸಾದವನ್ನು ಕಂಡೆ, ಯಂತ್ರದ ಪಕ್ಕದಲ್ಲಿ ಬುಟ್ಟಿ ಹೊತ್ತು ನಿಂತವರನ್ನು ಕಾಣಲಿಲ್ಲ.

ಇದು ನನ್ನೊಬ್ಬನ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. ನಮ್ಮ ಕರಾವಳಿಯಲ್ಲಿ ಉಡುಪಿ ಮಲ್ಲಿಗೆಯ ಬಗ್ಗೆ ಎಷ್ಟು ಪ್ರಬೋಧನೆಗಳನ್ನು ಕೇಳಿದ್ದೇವೆ! ಮಲ್ಲಿಗೆ ಪ್ರತಿಫಲ ಬಯಸದೆ ಪರಿಮಳ ಬೀರುತ್ತದೆ, ನಾವೂ ಹಾಗಿರಬೇಕು ಎನ್ನುತ್ತೇವೆ. ಮಲ್ಲಿಗೆ ಬಯಸದಿರಬಹುದು, ಆದರೆ ಅದನ್ನು ಬೆಳೆದ ಮನೆ ಬಯಸುತ್ತದೆ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3,200 ಮೊಗ್ಗುಗಳನ್ನು ಅರಳುವ ಮೊದಲೇ ಒಂದೊಂದಾಗಿ ಕೊಯ್ದು, ಬಾಳೆನಾರಿನಲ್ಲಿ ಕಟ್ಟಬೇಕು. ಶಂಕರಪುರದ ಕಟ್ಟೆಯಲ್ಲಿ ಅಂದಿನ ದರ ಎಷ್ಟೆಂದು ತಿಳಿಯುವವರೆಗೆ ಆ ಮನೆಯ ತಾಯಿಗೆ ಸಮಾಧಾನವಿಲ್ಲ. ಪರಿಮಳದಿಂದ ಪಾಠ ಕಲಿತ ನಾವು ಮದುವೆಯ ದಿನ ಅದೇ ಹೂವಿಗೆ ಚೌಕಾಸಿ ಮಾಡುತ್ತೇವೆ.

ಸಾಸ್ತಾನದಿಂದ ಪಶ್ಚಿಮಕ್ಕೆ ಹೊರಳಿದರೆ ಕೋಡಿ, ಹಂಗಾರಕಟ್ಟೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನಿನ ಸಂತಾನ ವೃದ್ಧಿಯಾಗಲೆಂದು ಮಾಡಿದ ವಿವೇಕದ ನಿಯಮವದು. ಕಡಲಿಗೂ ವಿಶ್ರಾಂತಿ ಬೇಕು, ನಮಗೂ ಸಬ್ಬತ್ ಬೇಕು ಎಂದು ನಾವು ಚೆಂದವಾಗಿ ಹೇಳುತ್ತೇವೆ. ಹೇಳೋಣ. ಆದರೆ ದಿನಗೂಲಿಯವನ ಮನೆಯಲ್ಲಿ ಆ 61 ದಿನ ವಿಶ್ರಾಂತಿಯಲ್ಲ, ಸಾಲ. ಈ ಎರಡನ್ನೂ ಒಟ್ಟಿಗೆ ಹೇಳಲಾಗದ ಪ್ರಬೋಧನೆ ಅರ್ಧ ಸತ್ಯ.

ಸೆಪ್ಟೆಂಬರ್ 8ರ ತೆನೆಹಬ್ಬವನ್ನೇ ನೋಡಿ. ಕನ್ಯಾಮರಿಯಮ್ಮನವರ ಜನ್ಮದಿನದಂದು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತೇವೆ, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಉಣ್ಣುತ್ತೇವೆ. ಗೋಧಿಯ ಕಾಳು ಮಣ್ಣಿಗೆ ಬಿದ್ದು ಸಾಯುವ ಪಾಠವನ್ನು ಆ ದಿನ ಬಿಡದೆ ಹೇಳುತ್ತೇವೆ. ಗದ್ದೆಗೆ ಇಳಿಯುವವರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಸ್ವಂತ ಗದ್ದೆಯನ್ನು ಹಡಿಲು ಬಿಟ್ಟು, ಇನ್ನೊಬ್ಬರ ಗದ್ದೆಯ ತೆನೆಯಿಂದ ತ್ಯಾಗದ ಪಾಠ ಕಲಿಯುವವರು ನಾವು.

ಇಲ್ಲಿ ಒಂದು ಆಕ್ಷೇಪಣೆಯನ್ನು ನಾನು ಎದುರಿಸಲೇಬೇಕು. “ಗುರುಗಳೇ, ಯೇಸುಸ್ವಾಮಿಯೇ ದಿನನಿತ್ಯದ ಬದುಕಿನಿಂದ ಸಾಮತಿಗಳನ್ನು ಹೇಳಲಿಲ್ಲವೇ? ಬಿತ್ತುವವನು, ಹುಳಿಹಿಟ್ಟು, ಬಲೆ, ಕಳೆದುಹೋದ ನಾಣ್ಯ, ಇವೆಲ್ಲ ಎಲ್ಲಿಂದ ಬಂದವು?” ಎಂದು ನೀವು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಆವಿಲಾದ ಸಂತ ತೆರೇಸಾ ತಮ್ಮ ಸಹೋದರಿಯರಿಗೆ, ಅಡಿಗೆಮನೆಯ ಪಾತ್ರೆಗಳ ನಡುವೆಯೂ ಪ್ರಭು ಇದ್ದಾರೆಂದು ಕಲಿಸಿದರು. ಸಂತ ಇಗ್ನಾಸಿಯವರು ಎಲ್ಲದರಲ್ಲೂ ದೇವರನ್ನು ಅರಸಲು ಹೇಳಿದರು. ಇದನ್ನು ನಾನು ಅಲ್ಲಗಳೆಯುವವನಲ್ಲ. ಸಾಮಾನ್ಯ ಬದುಕಿನಲ್ಲಿ ದೇವರನ್ನು ಕಾಣದವನು ದೇವಾಲಯದಲ್ಲಿಯೂ ಕಾಣಲಾರ.

ಆದರೆ ಪ್ರಭುವಿನ ಸಾಮತಿಗಳನ್ನು ಮತ್ತೊಮ್ಮೆ ನಿಧಾನವಾಗಿ ಓದಿ. ಅವು ಕೇಳುಗನನ್ನು ಹಾಯಾಗಿ ಮನೆಗೆ ಕಳುಹಿಸುವುದಿಲ್ಲ. ದ್ರಾಕ್ಷಿತೋಟದ ಕೂಲಿಯವರ ಸಾಮತಿಯಲ್ಲಿ ಸಂಜೆಯವರೆಗೆ ಕೆಲಸ ಸಿಗದೆ ಸಂತೆಬೀದಿಯಲ್ಲಿ ನಿಂತವನ ಹೊಟ್ಟೆ ಮರೆತುಹೋಗಿಲ್ಲ, ಅವನಿಗೂ ಪೂರ್ಣ ದಿನದ ಕೂಲಿ ಸಿಗುತ್ತದೆ. ನಾಣ್ಯ ಕಳೆದುಕೊಂಡ ಹೆಂಗಸು ಅದರ ಬಗ್ಗೆ ಧ್ಯಾನಿಸುತ್ತ ಕೂರುವುದಿಲ್ಲ, ದೀಪ ಹಚ್ಚಿ ಮನೆ ಗುಡಿಸುತ್ತಾಳೆ. ಕೇಳಿದವನಿಂದ ಏನನ್ನೂ ಕೇಳದ ಸಾಮತಿ ಶುಭಸಂದೇಶದಲ್ಲಿ ಒಂದೂ ಇಲ್ಲ.

ಇನ್ನು ಸುಂಕದಕಟ್ಟೆಯ ಮಾತು. ಶುಭಸಂದೇಶದಲ್ಲಿಯೂ ಸುಂಕದಕಟ್ಟೆಯಿದೆ, ಕಫೆರ್ನಾವುಮಿನ ದಾರಿಯಲ್ಲಿ. ಪ್ರಭು ಆ ದಾರಿಯಾಗಿ ಹೋದಾಗ ಶಿಷ್ಯರನ್ನು ಸುತ್ತ ನಿಲ್ಲಿಸಿ ಕಟ್ಟೆಯ ಮೇಲೆ ಉಪದೇಶ ಮಾಡಲಿಲ್ಲ. ಅಲ್ಲಿ ಕುಳಿತಿದ್ದ ಮತ್ತಾಯನೆಂಬ ಮನುಷ್ಯನನ್ನು ನೋಡಿದರು, ಕರೆದರು, ಬಳಿಕ ಅವನ ಮನೆಯಲ್ಲಿ ಊಟಕ್ಕೆ ಕುಳಿತರು. ಜೆರಿಕೋವಿನ ಜಕ್ಕಾಯನ ವಿಷಯವೂ ಹಾಗೆಯೇ. ಪ್ರಭು ಮರದ ಕೆಳಗೆ ನಿಂತು ಅವನ ಹೆಸರು ಹಿಡಿದು ಕರೆದರು, ಅವನ ಮನೆಗೆ ನಡೆದರು. ಬಡವರಿಗೆ ಅರ್ಧ ಆಸ್ತಿ, ಮೋಸಹೋದವರಿಗೆ ನಾಲ್ಕು ಪಟ್ಟು ಎಂಬ ಮಾತು ಜಕ್ಕಾಯನ ಬಾಯಿಂದ ಬಂದದ್ದು ಆಮೇಲೆ. ಮೊದಲು ನೋಟ, ಅನಂತರ ಭೇಟಿ, ಕೊನೆಗೆ ಪಾಠ. ನಾವು ಈ ಕ್ರಮವನ್ನು ತಲೆಕೆಳಗು ಮಾಡಿದ್ದೇವೆ.

ವಿಶ್ವಗುರು ಫ್ರಾನ್ಸಿಸ್‌ರವರು 2013ರಲ್ಲಿ ಹೊರಡಿಸಿದ ತಮ್ಮ ಪ್ರೇಷಿತ ಉದ್ಬೋಧನೆಯಲ್ಲಿ ಪ್ರಬೋಧನೆಯ ಕುರಿತು ದೀರ್ಘವಾಗಿ ಬರೆದರು. ಪ್ರಬೋಧಕನು ದೇವರ ವಾಕ್ಯವನ್ನು ಧ್ಯಾನಿಸಿದರೆ ಸಾಲದು, ತನ್ನ ಜನರನ್ನೂ ಧ್ಯಾನಿಸಬೇಕು ಎಂಬುದು ಅದರಲ್ಲೊಂದು ಮುಖ್ಯ ವಿಚಾರ. ಗುರುವಿದ್ಯಾಮಂದಿರದಲ್ಲಿ ನಾನು ತತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಓದಿದೆ. ಉಪಮೆಗಳನ್ನು ಪುಸ್ತಕಗಳಿಂದ ಕೂಡಿಹಾಕಿದೆ. ಕಡಲೆಕಾಯಿ ಮಾರುವವರ ಒಂದು ದಿನವನ್ನು ಓದಿರಲಿಲ್ಲ.

ಆ ತಾಯಿ ಮೂರನೆಯ ಭಾನುವಾರವೂ ಬರದಿದ್ದಾಗ ನಾನೇ ಅವರ ಮನೆ ಹುಡುಕಿಕೊಂಡು ಹೋದೆ. ಕೋಪವಲ್ಲ, ಮಂಡಿನೋವು. ಈಗ ಬಸ್ಸು ನಿಲ್ಲುವ ಕಡೆ ಕೂತು ಮಾರುತ್ತಾರೆ, ಭಾನುವಾರ ಬೆಳಿಗ್ಗೆಯೇ ವ್ಯಾಪಾರ. ನನಗೆ ಕಾಫಿ ಕೊಟ್ಟರು, ಒಂದು ಪೊಟ್ಟಣ ಕಡಲೆಕಾಯಿ ಕೊಟ್ಟು ಹಣ ಬೇಡವೆಂದರು. ನಾನು ಉಪದೇಶವನ್ನೇನೂ ಹೇಳಲಿಲ್ಲ, ಹೇಳಲು ತೋಚಲೂ ಇಲ್ಲ. ಶನಿವಾರ ಸಂಜೆಯ ಪೂಜೆಗೆ ಅವರನ್ನು ಕರೆತರಲು ವಾರ್ಡಿನ ಒಂದು ಕುಟುಂಬ ಒಪ್ಪಿಕೊಂಡಿತು. ಇಷ್ಟೇ ಆದದ್ದು. ಇದು ದೊಡ್ಡ ಸಂಗತಿಯಲ್ಲ, ಆದರೆ ನನ್ನ ಫಾಸ್ಟ್ಯಾಗ್ ಪ್ರಬೋಧನೆಗಿಂತ ದೊಡ್ಡದು.

1833ರಲ್ಲಿ ಪ್ಯಾರಿಸಿನಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿ ಫ್ರೆಡರಿಕ್ ಓಝಾನಾಮ್ ತನ್ನ ಗೆಳೆಯರೊಡನೆ ಆರಂಭಿಸಿದ ಕೂಟವೇ ಇಂದು ನಮ್ಮ ಧರ್ಮಕೇಂದ್ರಗಳಲ್ಲಿರುವ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ. ಅವರು ಬಡವರಿಗೆ ಸಹಾಯವನ್ನು ಕಳುಹಿಸಿಕೊಡಲಿಲ್ಲ, ತಾವೇ ಅವರ ಮನೆಗೆ ಹೋದರು. ಮನೆಭೇಟಿ ಇಂದಿಗೂ ಆ ಸಭೆಯ ಜೀವಾಳ. ಅದು ಬರಿಯ ದಾನದ ವಿಧಾನವಲ್ಲ, ಕಾಣುವ ವಿಧಾನ.

ಆದ್ದರಿಂದ ಕುಟುಂಬಗಳಲ್ಲಿ ನನ್ನ ವಿನಂತಿ ಇಷ್ಟು. ಸಂಜೆಯ ಜಪಸರದ ಬಳಿಕ ಮಕ್ಕಳಿಗೆ ದಿನದ ಅನುಭವದಿಂದ ಪಾಠ ಹೇಳುವ ಪದ್ಧತಿಯಿದ್ದರೆ ಬಿಡಬೇಡಿ. ಆದರೆ ಪಾಠಕ್ಕೆ ಮೊದಲು ಕೇಳಿ: ಈ ಅನುಭವದಲ್ಲಿ ಯಾರ ಬೆವರಿದೆ? ಅವರ ಹೆಸರು ನಮಗೆ ಗೊತ್ತೇ? ಈ ಪಾಠ ನನ್ನನ್ನು ತಿದ್ದುತ್ತದೆಯೋ, ಬರಿದೆ ಸಂತೈಸುತ್ತದೆಯೋ? ಬರುವ ಶನಿವಾರದೊಳಗೆ ಇದರಿಂದ ನಾನು ಮಾಡಬೇಕಾದದ್ದು ಏನು? ಉತ್ತರ ಸಿಗದಿದ್ದರೆ ಆ ದಿನ ಪಾಠ ಬೇಡ, ಒಂದು ನಮಸ್ಕಾರ ಮರಿಯ ಸಾಕು.

ಮುಂದಿನ ಸಲ ಸಾಸ್ತಾನದಲ್ಲಿ ಅಡ್ಡಗಂಬ ಎದ್ದಾಗ ಎಡಬಲ ನೋಡಿ. ಪ್ರಭು ಅಲ್ಲಿ ನಿಮಗಾಗಿ ಉಪಮೆಯೊಂದನ್ನು ಇಟ್ಟಿದ್ದಾರೆಂದು ನಾನು ಹೇಳಲಾರೆ. ಅಲ್ಲಿ ಮನುಷ್ಯರಿದ್ದಾರೆ.